ಫಿಯೆರೋಗೆ ಸೂಪರ್‌ಚಾರ್ಜ್ಡ್ ಎಂಜಿನ್: ಗುದ್ದಿಸಿಕೊಂಡ ಕಾರು ಕೊಳ್ಳುವ ಮುಂಚೆ

ಪ್ರಶ್ನೆ (ಮಿಶಿಗನ್‌ನಿಂದ):
ನನ್ನ ಹತ್ತಿರ 1986ರ ಪಾಂಟಿಯಾಕ್ ಫಿಯೆರೋ ಇದೆ. 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಕೈಗೇರು. ಬಾಡಿ ಚೆನ್ನಾಗಿದೆ, ಎಂಜಿನ್ ಮಾತ್ರ ಸೋತುಹೋಗಿದೆ. ಇಲ್ಲೇ ಹತ್ತಿರದಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಪಾಂಟಿಯಾಕ್‌ನದೇ ಗ್ರಾಂಡ್ ಪ್ರಿ ಜಿಟಿಪಿ ಕಾರು ಒಂದು ಮಾರಾಟಕ್ಕಿದೆ. ಅದರ 3.8 ಲೀಟರ್ ಸೂಪರ್‌ಚಾರ್ಜ್ಡ್ (ಗಾಳಿಯನ್ನು ಒತ್ತಿ ತುಂಬುವ ಪಂಪ್ ಇರುವ) ವಿ6 ಎಂಜಿನ್ ತೆಗೆದು ಇದಕ್ಕೆ ಕೂರಿಸುವ ಆಸೆ. ಎಂಜಿನ್ ಮಾತ್ರ ಕೊಳ್ಳಲಾ, ಇಡೀ ಕಾರೇ ಕೊಳ್ಳಲಾ? ಮಾಡಿದವರು ದಯವಿಟ್ಟು ಹೇಳಿ.

ಉತ್ತರ (ಒಹಾಯೊದಿಂದ):
ಇಡೀ ಕಾರು ಕೊಳ್ಳಿ. ಇದರಲ್ಲಿ ಎರಡು ಮಾತಿಲ್ಲ.

ನಾನು ಇದೇ ಎಂಜಿನ್ನನ್ನು ಫಿಯೆರೋಗೆ ಹಾಕಿದ್ದೇನೆ, ಗೆಳೆಯರು ಹಾಕುವಾಗಲೂ ಜೊತೆಗಿದ್ದೆ. ಎಂಜಿನ್ ಕೂರಿಸುವುದು ಇಲ್ಲಿ ಸುಲಭದ ಭಾಗ. ಫಿಯೆರೋ ಗೇರ್‌ಬಾಕ್ಸಿಗೂ ಈ ಎಂಜಿನ್ನಿಗೂ ಬೋಲ್ಟ್ ತೂತುಗಳು ಹೊಂದುತ್ತವೆ, ಎರಡೂ ಜನರಲ್ ಮೋಟಾರ್ಸ್ ಕಂಪನಿಯ ಒಂದೇ ಅಳತೆ. ಫಿಯೆರೋದಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಹಿಂದಿನ ಕ್ರೇಡಲ್ (ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಕಬ್ಬಿಣದ ಚೌಕಟ್ಟು) ಮೇಲೆ ಕೂತಿರುತ್ತವೆ. ಕ್ರೇಡಲ್ ಬಿಚ್ಚಿ ಕೆಳಗಿಳಿಸಿ, ಬಾಡಿಯನ್ನು ಮೇಲೆತ್ತಿದರೆ ಎಲ್ಲವೂ ಒಟ್ಟಿಗೆ ಹೊರಬರುತ್ತದೆ. ತಿಂಗಳುಗಟ್ಟಲೆ ಸಮಯ ತಿನ್ನುವುದು ಸಣ್ಣಪುಟ್ಟ ಸಾಮಾನು: ವೈರಿಂಗ್, ಕಂಪ್ಯೂಟರ್, ಸೆನ್ಸರ್, ಅವುಗಳ ಪ್ಲಗ್ಗು, ಬ್ರಾಕೆಟ್ಟು, ಪೈಪು. ಗುಜರಿಯಲ್ಲಿ ಎಂಜಿನ್ ಮಾತ್ರ ಕೊಂಡರೆ ಹಾರ್ನೆಸ್ಸನ್ನು (ವೈರುಗಳ ಕಟ್ಟು) ಕಟರ್‌ನಲ್ಲಿ ಕತ್ತರಿಸಿ ಕೊಡುತ್ತಾರೆ. ಆ ತುಂಡು ವೈರುಗಳನ್ನು ಕೂಡಿಸುತ್ತಾ ಕೂರುವ ಕಷ್ಟ ಯಾರಿಗೂ ಬೇಡ.

ಹಿಂದಿನಿಂದ ಗುದ್ದಿಸಿಕೊಂಡದ್ದು ನಿಮ್ಮ ಅದೃಷ್ಟ. ಮುಂದೆ ಪೆಟ್ಟು ಬಿದ್ದಿದ್ದರೆ ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್, ಆಯಿಲ್ ಪ್ಯಾನ್, ಬೆಲ್ಟ್ ಟೆನ್ಷನರ್ ಎಲ್ಲದರ ಮೇಲೂ ಅನುಮಾನ ಪಡಬೇಕಿತ್ತು. ಆದರೂ ಬಿಚ್ಚುವ ಮುಂಚೆ ಆ ಕಾರಿನಲ್ಲೇ ಎಂಜಿನ್ ಓಡಿಸಿ ನೋಡಿ. ಟ್ಯಾಂಕಿನ ಹತ್ತಿರ ಪೆಟ್ರೋಲ್ ಸೋರಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಳ್ಳಿ, ಆರೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಮಾರುವವರು ಸ್ಟಾರ್ಟ್ ಮಾಡಲು ಬಿಡದಿದ್ದರೆ ನಾನಂತೂ ಎದ್ದು ಬರುತ್ತೇನೆ.

ಆಮೇಲೆ ಸೂಪರ್‌ಚಾರ್ಜರ್. ಇದು ಈಟನ್ ಎಂ90. ಬೆಲ್ಟಿನಿಂದ ತಿರುಗುತ್ತದೆ, ಎಂಜಿನ್ ಆಯಿಲ್ ಇದಕ್ಕೆ ಹೋಗುವುದಿಲ್ಲ. ಒಳಗೆ ತನ್ನದೇ ಸ್ವಲ್ಪ ಆಯಿಲ್ ಇರುತ್ತದೆ. ಅದಕ್ಕಂತಲೇ ಬರುವ ಆಯಿಲ್ ಇದೆ, ಅದನ್ನು ಜನ ವರ್ಷಗಟ್ಟಲೆ ಮುಟ್ಟಿರುವುದೇ ಇಲ್ಲ. ಎಂಜಿನ್ ಐಡಲ್‌ನಲ್ಲಿರುವಾಗ ಮೇಲಿಂದ ಗಡಗಡ ಸದ್ದು ಬಂದರೆ ಮುಂದಿನ ಕಪ್ಲರ್ (ಪುಲ್ಲಿಯ ತಿರುಗುವಿಕೆಯನ್ನು ಒಳಕ್ಕೆ ದಾಟಿಸುವ ಜೋಡಣೆ) ಸವೆದಿದೆ ಎಂದರ್ಥ. ಹೆದರಬೇಡಿ, ಕಡಿಮೆ ಬೆಲೆಯ ಪ್ಲಾಸ್ಟಿಕ್ ತುಂಡು ಅದು. ಎಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಪುಲ್ಲಿ ಅಕ್ಕಪಕ್ಕಕ್ಕೆ ಅಲ್ಲಾಡಿದರೆ ಬೇರಿಂಗ್ ಹೋಗಿದೆ, ಆಗ ಬೆಲೆ ಇಳಿಸಿ ಕೇಳಿ.

ಎಂಜಿನ್ ಹೊರಗಿರುವಾಗಲೇ ಎರಡು ಕೆಲಸ ಮುಗಿಸಿ. ಕೂಲೆಂಟ್ ಹೋಗುವ ಎರಡು ಪ್ಲಾಸ್ಟಿಕ್ ಎಲ್ಬೋಗಳು ಟೆನ್ಷನರ್ ಬ್ರಾಕೆಟ್ ಹತ್ತಿರ ಇವೆ. ಬಿಸಿಗೆ ಬೆಂದು ಪುಡಿಯಾಗುತ್ತವೆ. ಅಲ್ಯೂಮಿನಿಯಂನವು ಸಿಗುತ್ತವೆ, ಹಾಕಿ. ಕೆಳಗಿನ ಇನ್‌ಟೇಕ್ ಗ್ಯಾಸ್ಕೆಟ್ಟೂ ಬದಲಿಸಿ. ಫಿಯೆರೋದ ಒಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ.

ಉತ್ತರ (ಮಿಶಿಗನ್, ಟ್ರಾಯ್‌ನಿಂದ):
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ವೈರಿಂಗ್ ಮತ್ತು ಪೆಟ್ರೋಲ್ ಬಗ್ಗೆ ಸೇರಿಸುತ್ತೇನೆ.

ನಿಮ್ಮ 2.5 ಎಂಜಿನ್ನಿಗೆ ಥ್ರಾಟಲ್ ಬಾಡಿಯಲ್ಲೇ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ. ಅದಕ್ಕೆ ಸುಮಾರು 10 ಪಿಎಸ್‌ಐ ಒತ್ತಡ ಸಾಕು. ಈ ವಿ6ಗೆ 50ರ ಹತ್ತಿರ ಬೇಕು. ಹಾಗಾಗಿ ಟ್ಯಾಂಕ್ ಇಳಿಸಿ ಪಂಪ್ ಬದಲಿಸಲೇಬೇಕು. ಟ್ಯಾಂಕ್ ಸೀಟುಗಳ ನಡುವಿನ ಟನಲ್‌ನಲ್ಲಿದೆ, ಇಳಿಸುವಾಗ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಹಳೆಯ ರಬ್ಬರ್ ಪೈಪುಗಳನ್ನು ಉಳಿಸಿಕೊಳ್ಳಬೇಡಿ. ಎಂಜಿನ್ ಬೆನ್ನ ಹಿಂದೆಯೇ ಇರುವ ಕಾರು ಇದು, ಈ ವಿಷಯದಲ್ಲಿ ಜಿಪುಣತನ ಬೇಡ.

ಜಿಟಿಪಿಯ ಕಂಪ್ಯೂಟರ್ ಆ ಕಾರಿನ ಕಳ್ಳತನ ತಡೆಯುವ ಸಿಗ್ನಲ್ ಸಿಗದೆ ಎಂಜಿನ್ ಓಡಲು ಬಿಡುವುದಿಲ್ಲ. ಕಂಪ್ಯೂಟರನ್ನು ಮರುಪ್ರೋಗ್ರಾಂ ಮಾಡಿಸಿ ಅದನ್ನು ತೆಗೆಸಬೇಕು. ಕೈಗೇರು ಉಳಿಸಿಕೊಂಡರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೋಡುಗಳನ್ನೂ ಅದೇ ಹೊತ್ತಿಗೆ ಆಫ್ ಮಾಡಿಸಿ. ಫಿಯೆರೋದ ಮೀಟರುಗಳು ಸರಿಯಾಗಿ ತೋರಿಸಬೇಕಾದರೆ ಟೆಂಪರೇಚರ್, ಆಯಿಲ್ ಪ್ರೆಷರ್ ಸೆಂಡರುಗಳನ್ನು ಹಳೆ ಎಂಜಿನ್ನಿಂದ ತೆಗೆದು ಹೊಸದಕ್ಕೆ ಹಾಕಿ.

ಗೇರ್‌ಬಾಕ್ಸ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ನಿಮ್ಮ ಹಳೆ ಎಂಜಿನ್ ಹೊಸದರಲ್ಲಿ 92 ಅಶ್ವಶಕ್ತಿಯದು. ಇದು 240ರದು, ಟಾರ್ಕ್ ಸುಮಾರು 380 ನ್ಯೂಟನ್ ಮೀಟರ್. ನಾಲ್ಕು ಸಿಲಿಂಡರಿಗೆ ಅಂತ ಕೊಟ್ಟ ಗೇರ್‌ಬಾಕ್ಸ್ ಇಷ್ಟನ್ನು ಜಾಸ್ತಿ ದಿನ ತಡೆಯುವುದಿಲ್ಲ. ಜಿಟಿಪಿಯ 4ಟಿ65ಇ-ಎಚ್‌ಡಿ ಆಟೋಮ್ಯಾಟಿಕ್ ಹೇಗೂ ನಿಮ್ಮ ಕೈಗೆ ಬರುತ್ತದೆ, ಕಂಪ್ಯೂಟರಿಗೂ ಅದು ಪರಿಚಿತ. ಡ್ರೈವ್ ಶಾಫ್ಟ್ ಮಾತ್ರ ಹೊಂದಿಸಬೇಕು. ಕೈಗೇರೇ ಬೇಕು ಅನ್ನುವುದಾದರೆ ವಿ6 ಫಿಯೆರೋದ ಗೆಟ್ರ್ಯಾಗ್ ಐದು ಗೇರಿನದನ್ನು ಹುಡುಕಿ.

ಉತ್ತರ (ಕ್ಯಾಲಿಫೋರ್ನಿಯಾದಿಂದ):
ಮಿಶಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ, ನೀವು ಪಾರು. ನಮ್ಮಲ್ಲಿ ಎಂಜಿನ್ ಕಾರಿಗಿಂತ ಹಳೆಯದಾಗಿರಬಾರದು. ಎಂಜಿನ್ ಕೊಟ್ಟ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ), ಆಕ್ಸಿಜನ್ ಸೆನ್ಸರ್, ಚೆಕ್ ಎಂಜಿನ್ ದೀಪ ಎಲ್ಲವೂ ಇದ್ದು ಕೆಲಸ ಮಾಡಬೇಕು. ಕಾರನ್ನು ರೆಫರಿ (ರಾಜ್ಯದ ಹೊಗೆ ತಪಾಸಕ) ಹತ್ತಿರ ಒಯ್ದು, ಅವರು ನೋಡಿ ಚೀಟಿ ಅಂಟಿಸಿದರೆ ಮಾತ್ರ ರಸ್ತೆಗೆ. ಮುಂದೆ ಬೇರೆ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಆ ಸಾಮಾನುಗಳನ್ನು ಮಾರಬೇಡಿ. ಇಡೀ ಕಾರು ಕೊಳ್ಳಿ ಅನ್ನಲು ಇದೂ ಒಂದು ಕಾರಣ.

ಇನ್ನೊಂದು, ಬ್ರೇಕ್. 1988ರ ಫಿಯೆರೋಗೆ ಮಾತ್ರ ಸಸ್ಪೆನ್ಷನ್, ಬ್ರೇಕ್ ಎರಡೂ ಹೊಸದಾಗಿ ಬಂದವು. ನಿಮ್ಮದು 86. ಶಕ್ತಿ ಎರಡೂವರೆ ಪಟ್ಟು ಮಾಡಿ ಹಳೆ ಬ್ರೇಕ್ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಬ್ರೇಕ್, ಆಮೇಲೆ ಎಂಜಿನ್.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇಡೀ ಕಾರೇ ಕೊಳ್ಳುತ್ತೇನೆ. ಸಣ್ಣ ಪುಲ್ಲಿ ಹಾಕಿದರೆ ಇನ್ನೂ ಶಕ್ತಿ ಬರುತ್ತದಂತೆ, ಈಗಲೇ ಹಾಕಿಬಿಡಲಾ?

ಉತ್ತರ (ಒಹಾಯೊದಿಂದ):
ಈಗ ಬೇಡ. ಪುಲ್ಲಿ ಸಣ್ಣದಾದರೆ ಸೂಪರ್‌ಚಾರ್ಜರ್ ಜೋರಾಗಿ ತಿರುಗುತ್ತದೆ, ಗಾಳಿ ಜಾಸ್ತಿ ಒತ್ತುತ್ತದೆ, ಜೊತೆಗೆ ಬಿಸಿಯೂ ಆಗುತ್ತದೆ. ಈ ಎಂಜಿನ್ನಿಗೆ ಕಂಪನಿಯ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಇಲ್ಲ. ಬಿಸಿ ಗಾಳಿಗೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿಯುತ್ತದೆ. ಆಗ ಕಂಪ್ಯೂಟರ್ ಕಿಡಿಯ ಟೈಮಿಂಗ್ ಹಿಂದೆಳೆದು ಶಕ್ತಿ ಕಡಿಮೆ ಮಾಡುತ್ತದೆ. ಕೊಟ್ಟ ದುಡ್ಡಿಗೆ ಏನೂ ಸಿಗುವುದಿಲ್ಲ, ನಾಕ್ ಜಾಸ್ತಿಯಾದರೆ ಪಿಸ್ಟನ್ನೇ ಹೋಗುತ್ತದೆ.

ಕಂಪನಿ ಪುಲ್ಲಿಯಲ್ಲೇ, ಪ್ರೀಮಿಯಂ ಪೆಟ್ರೋಲಿನಲ್ಲೇ ಓಡಿಸಿ. ಮೊದಲು ಕೂಲೆಂಟ್‌ನ ಗಾಳಿ ಪೂರ್ತಿ ತೆಗೆಯಿರಿ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ, ನಡುವೆ ಉದ್ದ ಪೈಪು. ಗಾಳಿ ಅಲ್ಲಿ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಕ್ಯಾನರ್‌ನಲ್ಲಿ ನಾಕ್ ರಿಟಾರ್ಡ್ (ನಾಕ್‌ಗಾಗಿ ಟೈಮಿಂಗ್ ಎಷ್ಟು ಹಿಂದೆಳೆದಿದೆ ಅನ್ನುವ) ಅಂಕಿ ನೋಡುತ್ತಾ ಬೇಸಿಗೆಯ ಬಿಸಿಲಲ್ಲಿ ಗುಡ್ಡ ಹತ್ತಿಸಿ. ಅಲ್ಲೂ ಸೊನ್ನೆ ಇದ್ದರೆ ಬಂದು ಹೇಳಿ, ಪುಲ್ಲಿ ವಿಷಯ ಮಾತಾಡೋಣ.