ಬ್ಯಾಚ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್

ಶ್ರೀಧರ: ಬಂದ ಹಾಗೇ ಕಳಿಸುತ್ತಿದ್ದೇನೆ. "ಈಗಿನ ವಿಮಾನಗಳು ಉಪಗ್ರಹದ ಸಹಾಯದಿಂದ ತಾವೇ ದಾರಿ ಹಿಡಿಯುತ್ತವೆ. ಕಂಟ್ರೋಲರ್‌ಗಳು ರೇಡಿಯೋದಲ್ಲಿ ಮಾತಾಡುವ ಕಾಲ ಮುಗಿಯಿತು!"

ಉಷಾ: ಇದನ್ನು ಬರೆದವನು ಒಂದು ದಿನವೂ ಹೆಡ್‌ಸೆಟ್ ಹಾಕಿದವನಲ್ಲ.

ಶ್ರೀಧರ: ನೀನು ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ಹಾಕಿದವಳು, ಒಪ್ಪಿದೆ. ಮಾತು ಕಡಿಮೆಯಾಗಿಲ್ಲ ಅಂತೀಯಾ?

ಉಷಾ: ಆಗಿದೆ ಕಣೋ. ಮೊದಲು ಎಡಕ್ಕೆ ತಿರುಗು, ಇಷ್ಟಕ್ಕೆ ಇಳಿ, ವೇಗ ತಗ್ಗಿಸು, ಮತ್ತೆ ಬಲಕ್ಕೆ ತಿರುಗು ಅಂತ ಒಂದೊಂದಾಗಿ ಹೇಳಬೇಕಿತ್ತು. ಪ್ರತಿಯೊಂದನ್ನೂ ಪೈಲಟ್ ತಿರುಗಿ ಹೇಳಬೇಕು (ಅದೇ ರೀಡ್‌ಬ್ಯಾಕ್), ಸರಿಯಾಗಿ ಹೇಳಿದನಾ ಅಂತ ನಾನು ಕೇಳಿಸಿಕೊಳ್ಳಬೇಕು. ಈಗ 'ಡಿಸೆಂಡ್ ವಯಾ' (ಈ ದಾರಿ ಹಿಡಿದು ಇಳಿ) ಅಂದು ಸ್ಟಾರ್, ಅಂದರೆ ಮೊದಲೇ ಬರೆದಿಟ್ಟ ಇಳಿಯುವ ದಾರಿಯ ಹೆಸರು ಹೇಳಿದರೆ ಎತ್ತರ, ವೇಗ ಎಲ್ಲ ಅದರೊಳಗೇ ಬಂತು.

ಶ್ರೀಧರ: ಮತ್ತೆ? ಫಾರ್ವರ್ಡ್ ಸರಿ ತಾನೇ?

ಉಷಾ: ಎಲ್ಲಿ ಸರಿ? ಆ ಒಂದು ಮಾತಿನಲ್ಲಿ ಇಡೀ ಒಂದು ಪುಟ ಅಡಗಿದೆ. ಮುಂದೆ ಗುಡುಗಿನ ಮೋಡ ಇದೆ, ವಿಮಾನವನ್ನು ಆ ದಾರಿಯಿಂದ ಆಚೆ ತಿರುಗಿಸಿದೆ ಅಂದುಕೋ. ವಾಪಸ್ ಸೇರಿಸಿದಾಗ ಪೈಲಟ್ ಕೇಳುತ್ತಾನೆ, ಹಳೇ ಎತ್ತರದ ಮಿತಿ ಇನ್ನೂ ಇದೆಯಾ, ಹೋಯಿತಾ? ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಅಮೆರಿಕದಲ್ಲಿ ಏರುವಾಗ ಹೇಳುವ 'ಕ್ಲೈಂಬ್ ವಯಾ' ಬಳಕೆಗೆ ಬಂದದ್ದು 2014ರಲ್ಲಿ. ವಿಮಾನಯಾನದ ನಿಯಮ ಮಾಡುವ ವಿಶ್ವಸಂಸ್ಥೆಯ ಅಂಗ ಐಸಿಎಒ 2016ರಲ್ಲಿ ಈ ಮಾತುಗಳ ನಿಯಮವನ್ನೇ ತಿದ್ದಿತು. ಮಾತಿನ ಕಾಲ ಮುಗಿದಿದ್ದರೆ ಅದನ್ನು ಯಾಕೆ ತಿದ್ದಬೇಕಿತ್ತು?

ರಘು: ನಮ್ಮ ಹಾಗೆ ಟೈಪ್ ಮಾಡಿ ಕಳಿಸಬಾರದಾ?

ಉಷಾ: ಕಳಿಸುತ್ತಾರೆ. ಕಂಟ್ರೋಲರ್, ಪೈಲಟ್ ನಡುವಿನ ಆ ಬರಹದ ಸಂದೇಶಕ್ಕೆ ಹೆಸರು ಸಿಪಿಡಿಎಲ್‌ಸಿ. ಸಮುದ್ರದ ಮೇಲೆ ದೂರಕ್ಕೆ ಮುಟ್ಟುವ ಎಚ್‌ಎಫ್ ರೇಡಿಯೋದ ಕರಕರಕ್ಕಿಂತ ಅದೇ ವಾಸಿ. ಇಳಿಯುವ ಹೊತ್ತಿನಲ್ಲಿ ಆಗುವುದಿಲ್ಲ. ನೀನು ನೀಲಿ ಟಿಕ್ ಬಿದ್ದು ಎರಡು ದಿನವಾದರೂ ಉತ್ತರ ಕೊಡಲ್ಲ, ಗೊತ್ತಲ್ಲ.

ಮಂಜು: ಪೈಲಟ್ ಕಡೆಯಿಂದ ಒಂದು ಮಾತು. ರೇಡಿಯೋದಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಮುಂದಿನವನು ಜೋರು ಕುಲುಕಾಟ ಅಂದರೆ ನಾನು ಸುಮ್ನೆ ಬೆಲ್ಟ್ ಲೈಟ್ ಹಾಕಿಬಿಡುತ್ತೇನೆ. ಟೈಪ್ ಮಾಡಿದ್ದು ಕಂಟ್ರೋಲರ್‌ಗೂ ಆ ಒಬ್ಬ ಪೈಲಟ್‌ಗೂ ಮಾತ್ರ.

ಶ್ರೀಧರ: ಮಾತಿನಿಂದಲೇ ಅಪಾಯ ಆಗಿಲ್ವಾ? ಸ್ಪೇನಿನ ಟೆನೆರಿಫೆ ದ್ವೀಪ, 1977, ರನ್‌ವೇಯಲ್ಲಿ ಎರಡು ವಿಮಾನಗಳ ಡಿಕ್ಕಿ. ಇಬ್ಬರು ಒಟ್ಟಿಗೆ ಮಾತಾಡಿ ರೇಡಿಯೋ ಕೀರಿತು. ಕೇಳಬೇಕಾದ್ದು ಸರಿಯಾಗಿ ಕೇಳಲಿಲ್ಲ. 583 ಜನ ಹೋದರು.

ಉಷಾ: ಅದು ನಿಜ. ಕಾರಣ ಅದೊಂದೇ ಅಲ್ಲ, ಆದರೂ ನಿಜ. ಅದಕ್ಕೇ ಮಾತು ತಗ್ಗಲಿ ಅನ್ನುವುದು ನಾನೂ. ಓಸ್ಲೋದಲ್ಲಿ 2011ರಲ್ಲಿ ಪಾಯಿಂಟ್ ಮರ್ಜ್ ತಂದರು. ವಿಮಾನಗಳು ಬಿಲ್ಲಿನಂಥ ದಾರಿಯಲ್ಲಿ ಬರುತ್ತಿರುತ್ತವೆ, ಸರದಿ ಬಂದವನಿಗೆ 'ನೇರ ಆ ಬಿಂದುವಿಗೆ ಹೋಗು' ಅಂದರೆ ಆಯಿತು. ಹಾಗೆ ರೇಡಿಯೋದಲ್ಲಿ ಉಳಿದ ಸಮಯ ಯಾರಿಗಾದರೂ ಎಂಜಿನ್ ಕೈಕೊಟ್ಟಾಗ ಬೇಕು. ಆಗ ಯಾರೂ ಟೈಪ್ ಮಾಡುತ್ತಾ ಕೂರುವುದಿಲ್ಲ.

ಶ್ರೀಧರ: ಡಿಲೀಟ್ ಮಾಡಲಾ? ಆಗಲೇ ಐದು ಗ್ರೂಪಿಗೆ ಹೋಗಿದೆ.

ಉಷಾ: ಡಿಲೀಟ್ ಬೇಡ. 'ಮುಗಿಯಿತು' ತೆಗೆದು 'ತಗ್ಗಿತು' ಅಂತ ಹಾಕಿ ಮತ್ತೆ ಕಳಿಸು.

ರಘು: ರೀಡ್‌ಬ್ಯಾಕ್ ಕೊಡೋ.

ಶ್ರೀಧರ: 'ಮುಗಿಯಿತು' ತೆಗೆದು 'ತಪ್ಪಿತು' ಹಾಕುತ್ತೇನೆ.

ಉಷಾ: ನೆಗೆಟಿವ್!