ಅನ್‌ಮೌಂಟ್ ಆಗದಾಗ ಬರುವ ‘ಬ್ಯುಸಿ’ಗೆ ‘ಕಾರ್ಯನಿರತ’ ಸರಿಯೇ?

ನಮಸ್ಕಾರ. ಶಿರಸಿಯ ಮನೆಯಲ್ಲೇ ಕೂತು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಪರೀಕ್ಷಿಸುವ ಸ್ಕ್ರಿಪ್ಟ್‌ಗಳನ್ನು ನೋಡಿಕೊಳ್ಳುತ್ತೇನೆ. ಹೊಸಬರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಒಂದು ಪದದ ಹತ್ತಿರ ಸಿಕ್ಕಿಬಿದ್ದೆ.

ಪರೀಕ್ಷೆ ಮುಗಿದ ಕೂಡಲೇ ಸ್ಕ್ರಿಪ್ಟ್ ಡಿಸ್ಕನ್ನು ಅನ್‌ಮೌಂಟ್ ಮಾಡುತ್ತದೆ, ಅಂದರೆ ಒಂದು ಫೋಲ್ಡರಿಗೆ ಜೋಡಿಸಿದ್ದ (ಮೌಂಟ್ ಮಾಡಿದ್ದ) ಡಿಸ್ಕನ್ನು ಅಲ್ಲಿಂದ ಬೇರೆ ಮಾಡುತ್ತದೆ. ಒಮ್ಮೊಮ್ಮೆ ಮಾತ್ರ ‘ಟಾರ್ಗೆಟ್ ಈಸ್ ಬ್ಯುಸಿ’ ಎಂದು ನಿಂತುಬಿಡುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿದ್ದ ಪ್ರೋಸೆಸ್ (ಪ್ರೋಗ್ರಾಂ) ಇನ್ನೂ ಫೈಲ್ ಮುಚ್ಚಿರುವುದಿಲ್ಲ. ಇಲ್ಲವೇ ಡೆಸ್ಕ್‌ಟಾಪಿನ ಕಸದಬುಟ್ಟಿ ಕಾಯುವ ಜಿವಿಎಫ್‌ಎಸ್‌ಡಿ-ಟ್ರ್ಯಾಶ್, ಹೊಸ ಡಿಸ್ಕ್ ಬಂತಲ್ಲ ಅಂತ ಒಳಗೆ ಇಣುಕುತ್ತಿರುತ್ತದೆ. ಒಂದು ಸೆಕೆಂಡ್ ಕಾಯಿಸುವ ‘ಸ್ಲೀಪ್ 1’ ಹಾಕಿದರೆ ಹುಳುಕು ಮುಚ್ಚಿಟ್ಟ ಹಾಗೆ ಅಷ್ಟೇ. ಯಂತ್ರ ನಿಧಾನವಾದ ದಿನ ಮತ್ತೆ ಅದೇ ಹಾಡು. ಕರ್ನಲ್ ಪರೀಕ್ಷೆಗಳ ಸಂಗ್ರಹವಾದ ಲಿನಕ್ಸ್ ಟೆಸ್ಟ್ ಪ್ರಾಜೆಕ್ಟಿನ ಸ್ಕ್ರಿಪ್ಟ್ 100 ಮಿಲಿಸೆಕೆಂಡ್ ಬಿಟ್ಟು ಬಿಟ್ಟು 50 ಸಲದವರೆಗೆ ಪ್ರಯತ್ನಿಸುತ್ತದೆ. ನಾನೂ ಅದನ್ನೇ ಮಾಡಿದೆ.

‘ಬ್ಯುಸಿ’ಗೆ ‘ಕಾರ್ಯನಿರತ’ ಅಂತ ಬರೆದಿದ್ದೆ. ಹೊಸದಾಗಿ ಸೇರಿದ ಹುಡುಗಿ ಓದಿ, ‘ಡಿಸ್ಕ್ ಏನು ಕೆಲಸ ಮಾಡ್ತಾ ಇದೆ ಸರ್?’ ಅಂದಳು. ಏನೂ ಇಲ್ಲ! ಯಾವುದೋ ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಆ ಫೋಲ್ಡರಿನೊಳಗೆ ಸುಮ್ನೆ ನಿಂತಿದ್ದರೂ ಅನ್‌ಮೌಂಟ್ ಆಗುವುದಿಲ್ಲ. ಯಾರೋ ಹಿಡಿದುಕೊಂಡಿದ್ದಾರೆ ಎಂದಷ್ಟೇ ಅದರ ಅರ್ಥ. ನಮ್ಮ ಕಡೆ ಕೊನೆಕೊಯ್ಲಿನಲ್ಲಿ ಮರ ಹತ್ತಿ ಕೊಯ್ಯುವ ಕೊನೆಗೌಡ ಮರದಿಂದ ಅಡಿಕೆಕೊನೆಯನ್ನು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗಿನ ತುದಿ ಇನ್ನೊಬ್ಬನ ಕೈಯಲ್ಲಿ. ಅವನು ಬಿಡದೆ ಮೇಲಿನವನು ಹಗ್ಗ ಎಳೆದುಕೊಳ್ಳುವಂತಿಲ್ಲ. ಹಾಗಾಗಿ ‘ಇನ್ನೂ ಹಿಡಿದಿದೆ’ ಅಂದರೆ ಹೇಗೆ? ‘ಬಳಕೆಯಲ್ಲಿದೆ’ಯೂ ಆದೀತು, ಸ್ವಲ್ಪ ಸಪ್ಪೆ.

ಅನ್‌ಮೌಂಟಿಗೆ ‘ಇಳಿಸು’ ಬೇಡ, ಅದು ಡೌನ್‌ಲೋಡಿಗೆ ಹೋಗಿಯಾಗಿದೆ. ಕಾರವಾರದ ಗೆಳೆಯ ಮೌಂಟ್, ಅನ್‌ಮೌಂಟಿಗೆ ‘ಕಟ್ಟು, ಬಿಚ್ಚು’ ಸಾಕು ಅನ್ನುತ್ತಾನೆ. ಬೈತಖೋಲ ಬಂದರಿನಲ್ಲಿ ಬೋಟ್ ಕಟ್ಟಿ ಬಿಚ್ಚುವುದನ್ನು ನೋಡಿ ಬೆಳೆದವನು. ನನಗೋ ‘ಡಿಸ್ಕ್ ಬಿಚ್ಚು’ ಅಂದರೆ ಸ್ಕ್ರೂಡ್ರೈವರ್ ಕಣ್ಣಿಗೆ ಬರುತ್ತದೆ! ‘ಕಳಚು’ ವಾಸಿ ಅಲ್ವಾ?

ಜಾಸ್ತಿ ತಲೆ ತಿಂದದ್ದು ‘ಲೇಜಿ ಅನ್‌ಮೌಂಟ್’. ಡಿಸ್ಕ್ ಆ ಜಾಗದಿಂದ ಈಗಲೇ ಮರೆಯಾಗುತ್ತದೆ, ಪೂರ್ತಿ ಕಳಚಿಕೊಳ್ಳುವುದು ಹಿಡಿದವರೆಲ್ಲ ಬಿಟ್ಟ ಮೇಲೆ. ಮುಂದಿನ ಪರೀಕ್ಷೆ ಅದೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಹೋಗಿ ಎಡವುತ್ತದೆ. ಅದನ್ನು ಬಳಸಬೇಡಿ ಅಂತ ಬರೆಯಲಿಕ್ಕಾದರೂ ಹೆಸರು ಬೇಕಲ್ಲ. ‘ಸೋಮಾರಿ’ ಅಂದರೆ ಬೈದ ಹಾಗಾಗುತ್ತದೆ. ‘ಬಿಟ್ಟಾಗ ಕಳಚು’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.