ಧಾರಾವಾಹಿಯಲ್ಲಿ ಸತ್ತವರು ನಾಲ್ಕೇ ದಿನಕ್ಕೆ ಎದ್ದು ಬರುತ್ತಾರೆ. ಪುರಾಣದಲ್ಲೂ ಹೀಗೇನಾ?

ಸಂಜೆಮಲ್ಲಿಗೆ:
ನಾನು, ಅಮ್ಮ ದಿನಾ ಒಟ್ಟಿಗೆ ಕೂತು ಹಾವಿನ ಸೇಡಿನ ಧಾರಾವಾಹಿ ಒಂದನ್ನು ನೋಡುತ್ತಿದ್ದೆವು. ಹೆಸರು ಬೇಡ, ಈ ಥರದ್ದು ಬೇಕಾದಷ್ಟಿವೆ. ನಾಗಮಣಿ, ಶಾಪ, ಪುನರ್ಜನ್ಮ ಎಲ್ಲ ಇರುತ್ತದೆ, ನನಗೆ ಅವೆಲ್ಲ ಇಷ್ಟವೇ. ಹೋದ ವಾರ ನಾಯಕಿಯ ತಮ್ಮ ಸತ್ತ. ಚಿತೆ ಉರಿಯಿತು, ಸಿಡಿಲು ಹೊಡೆಯಿತು, ಅದೇ ಎಪಿಸೋಡಿನಲ್ಲಿ ಅವಳು ಸೇಡಿನ ಶಪಥ ಮಾಡಿದಳು. ನಾಲ್ಕನೇ ದಿನ ಶಿವನ ವರದಿಂದ ತಮ್ಮ ಎದ್ದು ಬಂದ. ನನ್ನ ತಮ್ಮ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಮ್ಮ ಏನೂ ಮಾತಾಡದೆ ಎದ್ದು ಒಳಗೆ ಹೋದರು. ಆಮೇಲೆ ನೋಡುವುದನ್ನೇ ಬಿಟ್ಟರು.

ಯಾರನ್ನು ಕೇಳಿದರೂ "ಪುರಾಣದಲ್ಲೇ ಇದೆಯಲ್ಲ, ಸಾವಿತ್ರಿ ಗಂಡನನ್ನು ಬಿಡಿಸಿಕೊಂಡು ಬರಲಿಲ್ವಾ" ಅನ್ನುತ್ತಾರೆ. ನಮ್ಮ ಕತೆಗಳು ಸಾವನ್ನು ನಿಜವಾಗಿಯೂ ಇಷ್ಟು ಸಲೀಸಾಗಿ ದಾಟಿಬಿಡುತ್ತವಾ? ಅಥವಾ ಧಾರಾವಾಹಿಯವರು ತಮಗೆ ಬೇಕಾದಷ್ಟನ್ನೇ ಎತ್ತಿಕೊಂಡಿದ್ದಾರಾ?

ಹಳೇ ಓದುಗ:
ಬೇಕಾದಷ್ಟನ್ನೇ ಎತ್ತಿಕೊಂಡಿದ್ದಾರೆ. ಸಾವಿತ್ರಿಯ ಕತೆಯನ್ನೇ ನೋಡಿ. ಸತ್ಯವಾನ ಒಂದು ವರ್ಷದಲ್ಲಿ ಸಾಯುತ್ತಾನೆ ಅಂತ ನಾರದರು ಮದುವೆಗೆ ಮೊದಲೇ ಹೇಳಿರುತ್ತಾರೆ. ಆ ವರ್ಷವಿಡೀ ಅವಳು ಗಂಡನ ಜೊತೆ ಬಾಳುತ್ತಲೇ ಒಳಗೊಳಗೇ ದಿನ ಎಣಿಸುತ್ತಾಳೆ. ಯಮನ ಹಿಂದೆ ನಡೆದು ಹೋಗುವುದು ಆಮೇಲಿನ ಮಾತು.

ನಿಮ್ಮ ಹಾವಿನ ಕತೆಗೆ ಇನ್ನೂ ಹತ್ತಿರದ್ದು ಮಹಾಭಾರತದ ಆದಿಪರ್ವದಲ್ಲಿದೆ. ಮದುವೆಗೆ ಕೆಲವೇ ದಿನ ಇರುವಾಗ ಪ್ರಮದ್ವರೆಗೆ ಹಾವು ಕಚ್ಚುತ್ತದೆ. ಅವಳನ್ನು ಮದುವೆಯಾಗಬೇಕಿದ್ದ ರುರು ಕಾಡಿಗೆ ಹೋಗಿ ಒಬ್ಬನೇ ಅಳುತ್ತಾನೆ. ನಿನ್ನ ಆಯುಸ್ಸಿನಲ್ಲಿ ಅರ್ಧ ಕೊಟ್ಟರೆ ಅವಳು ಬದುಕುತ್ತಾಳೆ ಅಂತ ದೇವದೂತ ಹೇಳುತ್ತಾನೆ. ರುರು ಕೊಡುತ್ತಾನೆ, ಅವಳು ಏಳುತ್ತಾಳೆ, ಮದುವೆಯೂ ಆಗುತ್ತದೆ. ಆದರೆ ಅವನ ಸಿಟ್ಟು ಹೋಗುವುದಿಲ್ಲ. ಕಂಡ ಕಂಡ ಹಾವನ್ನೆಲ್ಲ ಹೊಡೆದು ಕೊಲ್ಲುತ್ತಾ ಹೋಗುತ್ತಾನೆ. ಒಂದು ದಿನ ಡುಂಡುಭ ಅನ್ನುವ ವಿಷವಿಲ್ಲದ ಮುದಿ ಹಾವಿನ ಮೇಲೆ ಕೋಲು ಎತ್ತಿದಾಗ ಅದು, ನಾನು ನಿನಗೇನು ಮಾಡಿದ್ದೇನೆ ಅಂತ ಕೇಳುತ್ತದೆ. ಅಹಿಂಸೆಯೇ ದೊಡ್ಡ ಧರ್ಮ ಅನ್ನುವ ಮಾತನ್ನು ಅಲ್ಲಿ ಹೇಳುವುದು ಆ ಹಾವೇ! ಕಳೆದುಕೊಂಡವಳು ವಾಪಸ್ ಬಂದ ಮೇಲೂ ಮನಸ್ಸು ಸರಿಹೋಗಲಿಲ್ಲ ಅನ್ನುವುದನ್ನು ಎಷ್ಟು ಹಿಂದೆಯೇ ಕಂಡುಕೊಂಡಿದ್ದರು ಅಲ್ವಾ? ಜನಮೇಜಯನ ಸರ್ಪಯಾಗವೂ ಹಾಗೇ. ತಕ್ಷಕ ಕಚ್ಚಿ ಅಪ್ಪ ಪರೀಕ್ಷಿತ ಸತ್ತದ್ದಕ್ಕೆ ಮಗ ಇಡೀ ಹಾವಿನ ಕುಲವನ್ನೇ ಸುಡಲು ಹೊರಡುತ್ತಾನೆ, ಆಸ್ತೀಕ ಅನ್ನುವ ಮುನಿ ಬಂದು ನಿಲ್ಲಿಸಬೇಕಾಗುತ್ತದೆ.

ಸಂಭಾಷಣೆ ಬರೆಯುವವ:
ನಾನು ಎರಡು ಧಾರಾವಾಹಿಗೆ ಬರೆದಿದ್ದೇನೆ. ಒಮ್ಮೆ ಸಾವಿನ ಮರುದಿನ ಅಕ್ಕ ತಮ್ಮನ ಅಂಗಿಯನ್ನು ಮಡಚಿಡುವ ದೃಶ್ಯ ಬರೆದೆ, ಮಾತೇ ಇಲ್ಲದ್ದು. ತೆಗೆದುಬಿಟ್ಟರು. ಅಳು ಉದ್ದವಾದರೆ ಜನ ಚಾನೆಲ್ ಬದಲಿಸುತ್ತಾರೆ ಅಂದರು. ವಾರ ವಾರ ಟಿಆರ್‌ಪಿ ಬರುತ್ತದೆ, ಅದು ಇಳಿದರೆ ಟ್ರ್ಯಾಕ್ ಬದಲಾಗುತ್ತದೆ. ನಟ ಬಿಟ್ಟು ಹೋದರೆ ಪಾತ್ರ ಸಾಯುತ್ತದೆ, ನಟ ಒಪ್ಪಿಕೊಂಡರೆ ಪಾತ್ರ ಬದುಕುತ್ತದೆ. ಪುರಾಣ ಬೇಕಾಗುವುದು ಆ ಹೊತ್ತಿಗೆ. ಆದರೆ ನೋಡುವವರೂ "ಅವನನ್ನು ವಾಪಸ್ ತನ್ನಿ" ಅಂತ ಬರೆಯುತ್ತಾರೆ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಹಾಗೆ ಯಾರಿಗೆ ಅನ್ನಿಸುವುದಿಲ್ಲ ಹೇಳಿ.

ತುಂಬೆಹೂ:
ಹೌದು, ಆ ಆಸೆ ಮಹಾಭಾರತದಲ್ಲೂ ಇದೆ. ಆಶ್ರಮವಾಸಿಕ ಪರ್ವದಲ್ಲಿ ಗಾಂಧಾರಿ ವ್ಯಾಸರಿಗೆ ಹೇಳುತ್ತಾಳೆ, ಮಕ್ಕಳು ಸತ್ತು 16 ವರ್ಷವಾಯಿತು, ರಾಜನಿಗೆ ಇನ್ನೂ ರಾತ್ರಿ ನಿದ್ದೆಯಿಲ್ಲ ಅಂತ. ಹದಿನಾರು ವರ್ಷ! ಯಾರೂ ಅವಳಿಗೆ "ಸಾಕು ಬಿಡು" ಅನ್ನುವುದಿಲ್ಲ. ವ್ಯಾಸರು ಗಂಗೆಗೆ ಇಳಿದು ಸತ್ತವರನ್ನೆಲ್ಲ ಕರೆಯುತ್ತಾರೆ. ಕರ್ಣ, ಅಭಿಮನ್ಯು, ದುರ್ಯೋಧನ ಎಲ್ಲರೂ ನೀರಿನಿಂದ ಎದ್ದು ಬರುತ್ತಾರೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಕುರುಡ ಧೃತರಾಷ್ಟ್ರ ಮಕ್ಕಳ ಮುಖವನ್ನು ಕಣ್ಣಾರೆ ನೋಡುತ್ತಾನೆ. ಇದೆಲ್ಲ ಒಂದೇ ಒಂದು ರಾತ್ರಿ. ಬೆಳಗಾದರೆ ಅವರು ಹೋಗಲೇಬೇಕು.

ಅಲ್ಲೂ ನನಗೆ ಒಪ್ಪಿಗೆಯಾಗದ ಭಾಗ ಇದೆ. ಗಂಡಂದಿರ ಜೊತೆ ಹೋಗಬೇಕು ಅನ್ನುವವರು ನೀರಿಗೆ ಇಳಿಯಬಹುದು ಅಂತ ವ್ಯಾಸರು ಹೇಳುತ್ತಾರೆ, ವಿಧವೆಯರು ಇಳಿದೂಬಿಡುತ್ತಾರೆ. ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಆದರೂ ಆ ರಾತ್ರಿಯನ್ನು ಯಾರಾದರೂ ಸಿಡಿಲು, ಜೂಮ್ ಇಲ್ಲದೆ, ಅವಸರ ಮಾಡದೆ ತೋರಿಸಿದರೆ ಒಂದು ವಾರ ಪೂರ್ತಿ ಕೂತು ನೋಡುತ್ತೇನೆ.

ಸಂಜೆಮಲ್ಲಿಗೆ:
ಇದನ್ನು ಅಮ್ಮನಿಗೆ ಓದಿ ಹೇಳಿದೆ. ತುಂಬ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಒಂದೇ ಮಾತು ಕೇಳಿದರು, "ಬೆಳಿಗ್ಗೆ ಹೊರಡುವಾಗ ಯಾರೂ ತಡೆಯಲಿಲ್ಲವಾ?" ನನಗೆ ಉತ್ತರ ಗೊತ್ತಿರಲಿಲ್ಲ.

ತುಂಬೆಹೂ:
ತಡೆಯಲಿಲ್ಲ. ತಬ್ಬಿಕೊಂಡು ಕಳಿಸಿಕೊಟ್ಟರು. ಪುತ್ರದರ್ಶನ ಅನ್ನುವ ಭಾಗ ಅದು, ಜಾಸ್ತಿ ಉದ್ದವಿಲ್ಲ. ಅಮ್ಮನಿಗೆ ಇಷ್ಟವಿದ್ದರೆ ಒಂದು ಸಂಜೆ ಇಬ್ಬರೂ ಕೂತು ಓದಿ.